ಅಕ್ಕನ ಮನೆಯ ಪಿನ್‌ಕೋಡು

ಅಮ್ಮನ ಹಳೇ ಫೋಟೊ ಇಟ್ಟು ದುರ್ಗದ ಅಕ್ಕನಿಗೆ ಹಾಕಿದ್ದ ಕವರು ವಾರದ ಮೇಲೆ ನಮ್ಮನೆಗೇ ವಾಪಸ್ ಬಂತು. ತಪ್ಪು ನನ್ನದೇ. ಚಿತ್ರದುರ್ಗ ಅಂತ ಸರಿಯಾಗಿ ಬರೆದ ಕೈ, ಪಿನ್‌ಕೋಡಿಗೆ ಬಂದಾಗ ರೂಢಿಬಲದಿಂದ ನಮ್ಮ ದಾವಣಗೆರೆಯ 577001 ಹಾಕಿಬಿಟ್ಟಿತ್ತು. ಅಲ್ಲಿಯದು 577501. ಸೊನ್ನೆ ಇದ್ದಲ್ಲಿ ಐದು, ಅಷ್ಟೇ.

ತಿದ್ದುವಾಗ ಅದನ್ನು ಇಡಿಯಾಗಿ ಓದಿಕೊಂಡೆ: ಐದು ಲಕ್ಷದ ಎಪ್ಪತ್ತೇಳು ಸಾವಿರದ ಐನೂರ ಒಂದು. ಪಿನ್‌ಕೋಡನ್ನು ಹೀಗೆ ಯಾರೂ ಓದುವುದಿಲ್ಲ. ಓದಿದರೆ ಮದುವೆಮನೆಯ ಮುಯ್ಯಿಯಂತೆ ಕೇಳಿಸುತ್ತದೆ. ಕೊನೆಗೊಂದು ರೂಪಾಯಿ ಸೇರಿಸಿದ್ದಾರಲ್ಲ!

ಆ ಒಂದು ರೂಪಾಯಿಯೇ ಕಿಲಾಡಿ. ಅದನ್ನು ತೆಗೆದಿಟ್ಟರೆ ಉಳಿಯುವ 577500 ಬಲು ಸಾಧು. ಎರಡು, ಮೂರು, ಐದು, ಏಳು, ಹನ್ನೊಂದು, ಯಾರು ಕೇಳಿದರೂ ಸಮನಾಗಿ ಹಂಚಿಹೋಗುತ್ತದೆ. ಒಂದು ಕೂಡಿಸಿದಿರೋ, ಐವರಿಗೂ ಶೇಷ ಒಂದು. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲವೆಂದು ತೋರಿಸಲು ಯೂಕ್ಲಿಡ್ ಹೂಡಿದ ಉಪಾಯದಲ್ಲೂ ಹೀಗೆ ಒಂದನ್ನು ಕೂಡಿಸುವುದೇ ಜೀವಾಳ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ತಂದ ಅಂಚೆಯವರ ತಲೆಯಲ್ಲಿ ಯೂಕ್ಲಿಡ್ ಇದ್ದಿರಲಾರ, ಬಿಡಿ.

ಏಳು ಸುತ್ತಿನ ಕೋಟೆಯ ಊರಿಗೆ ಒಡೆಯದ ಸಂಖ್ಯೆ ಸಿಕ್ಕಿದ್ದರೆ ಎಷ್ಟು ಚಂದ ಎಂದು ಆಸೆಯಾಗಿ, ಕವರಿನ ಬೆನ್ನಿಗೇ ಭಾಗಾಕಾರ ಹೂಡಿದೆ. 760ರ ವರ್ಗ 577600. ನಮ್ಮದು ಅದಕ್ಕೆ 99 ಕಮ್ಮಿ. ಅಂದರೆ 760ರೊಳಗಿನ ಅವಿಭಾಜ್ಯಗಳನ್ನಷ್ಟೇ ಕಳಿಸಿ ನೋಡಿದರೆ ಸಾಕು. ಅವು 134. ಹದಿಮೂರು ಹೋಗಿ ಎರಡು ಉಳಿಸಿ ಬಂತು. ಮೂವತ್ತೊಂದಕ್ಕೂ ಎರಡೇ. 199 ಬಾಗಿಲವರೆಗೂ ಹೋಗಿ ಮೂರು ಉಳಿಸಿ ಮುಖ ಸಣ್ಣ ಮಾಡಿಕೊಂಡಿತು. ಹೈದರಾಲಿಯ ದಂಡಿಗೂ ಹೀಗೇ ಬೇಸರ ಬಂದಿರಬೇಕು. ಟೀ ಆರಿತು. 269 ಕೂಡ ಆಯಿತು. 271 ಇಟ್ಟೆ: 2131 ಸಲ ಹೋಗಿ ಶೇಷ ಸೊನ್ನೆ! ಐವತ್ತೆಂಟನೆಯ ಸಿಪಾಯಿಗೆ ಕಿಂಡಿ ಸಿಕ್ಕಿತ್ತು. ಆ ಹೊತ್ತಿಗೆ ಓಬವ್ವ ಇನ್ನೂ ಕೊಡ ತುಂಬಿಸುತ್ತಿದ್ದಳೋ ಏನೋ. 2131ನ್ನು ಒಡೆಯಲು ನೋಡಿದೆ, ಅದು ಜಗ್ಗಲಿಲ್ಲ.

ನಮ್ಮೂರಿನದನ್ನೂ ನೋಡೇಬಿಡೋಣ ಎಂದು 577001 ಹಿಡಿದೆ. ಒಂಬತ್ತನೆಯ ಏಟಿಗೇ, 23ಕ್ಕೇ, ಬಿದ್ದುಹೋಯಿತು. ಇನ್ನೊಂದು ತುಂಡು 25087. ಬೆಣ್ಣೆದೋಸೆಯ ಊರು, ಕರಗದೆ ಇನ್ನೇನು.

ಅಕ್ಕನಿಗೆ ಫೋನ್ ಮಾಡಿದೆ. “ನಿಮ್ ಪಿನ್‌ಕೋಡು 271ಕ್ಕೆ ಒಡೀತು ನೋಡಕ್ಕ. ನಮ್ದು 23ಕ್ಕೇ.”

“1997ರ ತನಕ ನೀವೂ ನಮ್ ಜಿಲ್ಲೆನೇ ಆಗಿದ್ರಿ, ಅದ್ಕೆ ಅಷ್ಟಾದ್ರೂ ತಡೀತು” ಅಂದಳು. “ಫೋಟೊ ಎಲ್ಲೋ?”

ಕವರಿನ ಎರಡೂ ಬದಿ ಲೆಕ್ಕ ತುಂಬಿ ವಿಳಾಸವೇ ಕಾಣುತ್ತಿರಲಿಲ್ಲ. ಹೊಸದಕ್ಕೆ ಹಾಕೋಣವೆಂದು ಫೋಟೊ ಹೊರತೆಗೆದೆ. ಬಾಲ್‌ಪೆನ್ನು ಒತ್ತಿ ಒತ್ತಿ ಬರೆದದ್ದಕ್ಕೆ ಅಮ್ಮನ ಸೆರಗಿನ ಮೇಲೆ 271 ಸಣ್ಣಗೆ ತಗ್ಗಾಗಿ ಮೂಡಿತ್ತು.