ಪ್ಲೇಟ್‌ಲೆಟ್ ಬೇಕು ಅಂದ ತಕ್ಷಣ ಎಲ್ಲಿ ಹೋಗ್ತೀರಪ್ಪ ಎಲ್ಲರೂ?

ತುಮಕೂರಲ್ಲಿ ಯಾವ ಲೀಡರ್ ಹುಟ್ಟುಹಬ್ಬ ಬಂದರೂ ರಕ್ತದಾನ ಶಿಬಿರ. ಬಿ.ಎಚ್. ರಸ್ತೆ ಉದ್ದಕ್ಕೂ ಫ್ಲೆಕ್ಸು, ಜ್ಯೂಸು, ಸರ್ಟಿಫಿಕೇಟು, ಸ್ಟೇಟಸ್ಸಿಗೆ ಫೋಟೊ. ಮುಂದಿನ ವಾರ ಅದೇ ಹುಡುಗರಿಗೆ ಫೋನ್ ಮಾಡಿ, "ಲುಕೇಮಿಯಾ (ರಕ್ತದ ಕ್ಯಾನ್ಸರ್) ಪೇಷಂಟು, ಬೋನ್ ಮ್ಯಾರೋ ಕಸಿಗೆ ಕಾಯ್ತಿದ್ದಾರೆ, ಎಸ್‌ಡಿಪಿ ಬೇಕು" ಅಂದ್ರೆ ಫೋನೇ ಎತ್ತಲ್ಲ. ಎಸ್‌ಡಿಪಿ ಅಂದ್ರೆ ಒಬ್ಬನೇ ದಾನಿಯಿಂದ ಮಷಿನ್ನಿನಲ್ಲಿ ತೆಗೆಯೋ ಪ್ಲೇಟ್‌ಲೆಟ್, ರಕ್ತ ಸೋರೋದನ್ನ ನಿಲ್ಲಿಸೋ ಕಣ. ಎತ್ತಿದವನೂ ಕೊಡೋ ಹಾಗಿಲ್ಲ. ಪೂರ್ತಿ ರಕ್ತ ಕೊಟ್ಟ ಮೇಲೆ 28 ದಿನ ಮಷಿನ್ನಿನಲ್ಲಿ ಪ್ಲೇಟ್‌ಲೆಟ್ ಕೊಡುವಂತಿಲ್ಲ, ಅದು ನಿಯಮ. ಊರಿನ ಗಟ್ಟಿಮುಟ್ಟಾದ ಹುಡುಗರನ್ನೆಲ್ಲ ಒಂದೇ ದಿನ ಸಾಲಾಗಿ ಮಲಗಿಸಿಬಿಟ್ರೆ ಆಮೇಲೆ ಒಂದು ತಿಂಗಳು ಈ ರೋಗಿಗಳ ಮನೆಯವರು ಯಾರ ಕಾಲು ಹಿಡೀಬೇಕು?

ರಕ್ತದ ಬ್ಯಾಗನ್ನ ಫ್ರಿಜ್ಜಲ್ಲಿ ವಾರಗಟ್ಟಲೆ ಇಡಬಹುದು. ಪ್ಲೇಟ್‌ಲೆಟ್ ಬಾಳೋದು 5 ದಿನ, ಅದೂ 20ರಿಂದ 24 ಡಿಗ್ರಿಯಲ್ಲಿ, ಅಲ್ಲಾಡಿಸುತ್ತಲೇ ಇರೋ ಯಂತ್ರದ ಮೇಲೆ. ಕೂಡಿಡೋ ಪದಾರ್ಥ ಅಲ್ಲ ಅದು. ಕೀಮೋ ಆದ ಮೇಲೆ ರಕ್ತ ತಯಾರಿಸೋ ಮಜ್ಜೆ (ಬೋನ್ ಮ್ಯಾರೋ) ಕೆಲಸ ನಿಲ್ಲಿಸಿರುತ್ತೆ. ಪ್ಲೇಟ್‌ಲೆಟ್ ಕೌಂಟ್ 10,000ಕ್ಕಿಂತ ಕೆಳಗಿಳಿದರೆ ಹಾಕಲೇಬೇಕು, ಜ್ವರ ಇದ್ದರೆ 20,000ಕ್ಕೇ ಹಾಕ್ತಾರೆ. ಹಾಕಿದ್ದು ಎರಡು ಮೂರು ದಿನದಲ್ಲಿ ಖಾಲಿ, ಮತ್ತೆ ಹುಡುಕಾಟ. ಕಸಿ ಆಗಬೇಕಾದ್ರೆ ಮಜ್ಜೆ ಹೊಂದೋ ದಾನಿ ಸಿಗಬೇಕು, ರೋಗ ಹತೋಟಿಗೆ ಬರಬೇಕು, ಹಾಸಿಗೆ ಖಾಲಿಯಾಗಬೇಕು. ಅಲ್ಲೀತನಕ ಜೀವ ನಿಂತಿರೋದು ಈ ಹಳದಿ ಬ್ಯಾಗಿನ ಮೇಲೆ.

ಎಲ್ಲಕ್ಕಿಂತ ಹೊಟ್ಟೆ ಉರಿಸೋ ಮಾತು ಒಂದಿದೆ: "ಅಣ್ಣತಮ್ಮಂದಿರು ಇದ್ದಾರಲ್ಲ, ಅವರದೇ ತಗೊಳ್ಳಿ, ಹೊರಗಿನವರು ಯಾಕೆ?" ಸ್ವಾಮಿ, ಕಸಿಗೆ ಮಜ್ಜೆ ಕೊಡಬೇಕಾದವರು ಅವರೇ! ಒಡಹುಟ್ಟಿದವರು ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು. ಕಸಿಗೆ ಮುಂಚೆ ಅವರ ರಕ್ತ, ಪ್ಲೇಟ್‌ಲೆಟ್ ಏರಿಸಿದ್ರೆ ರೋಗಿಯ ಮೈ ಅವರ ಜೀವಕೋಶದ ಗುರುತು ಹಿಡಿದು ಪ್ರತಿಕಾಯ (ಆಂಟಿಬಾಡಿ) ಬೆಳೆಸಬಹುದು. ಆಮೇಲೆ ಅದೇ ಮಜ್ಜೆ ಹಾಕಿದಾಗ ಮೈ ಅದನ್ನ ತಳ್ಳಿಬಿಡಬಹುದು. ಅಪ್ಪ, ಅಮ್ಮ, ಮಕ್ಕಳದ್ದೂ ಇದೇ ಕಥೆ, ಅರ್ಧ ಹೊಂದಿದವರಿಂದಲೂ ಈಗ ಕಸಿ ಮಾಡ್ತಾರಲ್ಲ. ಅದಕ್ಕೇ ಹೊರಗಿನವರನ್ನ ಕೇಳ್ತಾ ತಿರುಗೋದು. ಮನೆಯವರಿಗೆ ಪ್ರೀತಿ ಕಮ್ಮಿ ಅಂತ ಅಲ್ಲ. ಆಸ್ಪತ್ರೆ ಕೌಂಟರಲ್ಲಿ ಕೂತಿರೋರೂ "ಮನೆಯವರನ್ನೇ ಕರ್ಕೊಂಡು ಬನ್ನಿ" ಅಂತ ಗದರಿಸ್ತಾರಲ್ಲ, ಕಸಿ ಕೇಸು ಅಂತ ಚೀಟಿ ಮೇಲೆ ಬರೆದಿರೋದನ್ನ ಒಂದು ಸಲ ಓದೋಕಾಗಲ್ವ?

ಆ ಚೀಟಿಯಲ್ಲಿ "ಇರ್ರೇಡಿಯೇಟೆಡ್" ಅಂತ ಬರೆದಿದೆಯಾ ಅಂತಲೂ ಮನೆಯವರೇ ಕಣ್ಣಿಟ್ಟು ನೋಡಬೇಕು. ಬ್ಯಾಗಿಗೆ 25 ಗ್ರೇ (ವಿಕಿರಣದ ಅಳತೆ) ವಿಕಿರಣ ಕೊಟ್ಟರೆ ದಾನಿಯ ಬಿಳಿಕಣ ರೋಗಿಯ ಮೈಯಲ್ಲಿ ಬೆಳೆಯಲ್ಲ. ಕೊಡದಿದ್ರೆ ಅಪರೂಪಕ್ಕೆ ಆ ಕಣಗಳೇ ರೋಗಿಯ ಮೇಲೆ ತಿರುಗಿಬೀಳುತ್ತೆ, ತಿರುಗಿಬಿದ್ರೆ ಉಳಿಯೋದು ತೀರಾ ಕಷ್ಟ. ಬಿಳಿಕಣ ಸೋಸೋ ಫಿಲ್ಟರ್ ಹಾಕಿದೀವಿ ಸಾಕು ಅಂದ್ರೆ ಸಾಕಾಗಲ್ಲ, ಫಿಲ್ಟರ್ ಬೇರೆ, ಇದು ಬೇರೆ.

"ನಾಲ್ಕೈದು ಜನರ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಹಾಕಿಸಿ ಬಿಡಿ" ಅನ್ನೋರೂ ಇದ್ದಾರೆ. ತುರ್ತಿಗೆ ಸರಿ. ಒಂದು ಎಸ್‌ಡಿಪಿಗೆ ಸಮ ಆಗಬೇಕಾದ್ರೆ ಅಂಥವು ಐದಾರು ಬ್ಯಾಗ್ ಬೇಕು, ಅಂದ್ರೆ ಐದಾರು ಜನರ ಸಂಪರ್ಕ. ದಾನಿಗಳು ಹೆಚ್ಚಾದಷ್ಟೂ ಪ್ರತಿಕಾಯ ಬೆಳೆಯೋ ಸಾಧ್ಯತೆ ಹೆಚ್ಚು, ಅದು ಹೆಚ್ಚಾದ ಹಾಗೆ ಎಷ್ಟು ಹಾಕಿದ್ರೂ ಕೌಂಟ್ ಏರದ ಸ್ಥಿತಿ ಬರುತ್ತೆ.

ಇನ್ನು ಬೆಂಗಳೂರಿಂದ ಬ್ಯಾಗ್ ತರೋಕೆ ಹೋದವರು ಐಸ್ ಬಾಕ್ಸಲ್ಲಿ ತರ್ತಾರೆ! ರಕ್ತಕ್ಕೆ ಐಸ್ ಸರಿ, ಪ್ಲೇಟ್‌ಲೆಟ್ ತಣ್ಣಗಾದ್ರೆ ಮೈ ಸೇರಿದ ಸ್ವಲ್ಪ ಹೊತ್ತಿಗೇ ನಾಶ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೂ ಇಡಬೇಡಿ. ಐಸ್ ಇಲ್ಲದ ಥರ್ಮೋಕೋಲ್ ಪೆಟ್ಟಿಗೆ ಸಾಕು, ನೆಲಮಂಗಲದ ಟ್ರಾಫಿಕ್ಕಲ್ಲಿ ನಿಂತಾಗ ಮೆಲ್ಲಗೆ ಅಲ್ಲಾಡಿಸ್ತಾ ಇರಿ.

ಕೊಡೋರಿಗೆ ಏನಾಗುತ್ತೆ ಅಂತ ಹೆದರ್ತೀರಿ? 18ರಿಂದ 60 ವಯಸ್ಸು, 50 ಕೆ.ಜಿ. ತೂಕ, ಹಿಮೋಗ್ಲೋಬಿನ್ 12.5, ನಿಮ್ಮ ಕೌಂಟ್ ಒಂದೂವರೆ ಲಕ್ಷಕ್ಕಿಂತ ಮೇಲೆ, ಕೈಯಲ್ಲಿ ಚೆನ್ನಾಗಿ ಕಾಣೋ ನರ, ಮೂರು ದಿನದಿಂದ ಆಸ್ಪಿರಿನ್ ತಗೊಂಡಿರಬಾರದು. ಒಂದರಿಂದ ಒಂದೂವರೆ ಗಂಟೆ ಕೂರಬೇಕು, ಮಷಿನ್ ಪ್ಲೇಟ್‌ಲೆಟ್ ತೆಗೆದು ಉಳಿದ ರಕ್ತ ವಾಪಸ್ ಕೊಡುತ್ತೆ. ತುಟಿ ಜುಮ್ಮೆಂದರೆ ಹೇಳಿ, ಕ್ಯಾಲ್ಸಿಯಂ ಮಾತ್ರೆ ಕೊಡ್ತಾರೆ. ಕೆಲವೇ ದಿನದಲ್ಲಿ ನಿಮ್ಮ ಕೌಂಟ್ ಮೊದಲಿನ ಹಾಗೆ. ಖಾಲಿ ಹೊಟ್ಟೇಲಿ ಬರಬೇಡಿ. ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ತಿಂದು ಬನ್ನಿ, ಬೆಣ್ಣೆ ಬೇಡ. ಜಿಡ್ಡು ತಿಂದು ಬಂದ್ರೆ ಪ್ಲಾಸ್ಮಾ ಹಾಲಿನಂತೆ ಬೆಳ್ಳಗಾಗಿ ನಿಮ್ಮನ್ನ ವಾಪಸ್ ಕಳಿಸ್ತಾರೆ.

ಬರ್ತೀನಿ ಅಂತ ಹೇಳಿ, ಸ್ಯಾಂಪಲ್ ಕೊಟ್ಟು, ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಎಲ್ಲ ಮುಗಿದ ಮೇಲೆ ಬೆಳಿಗ್ಗೆ ಮಾಯ ಆಗ್ತೀರಲ್ಲ, ಅದಕ್ಕೆ ಕ್ಷಮೆ ಇಲ್ಲ. ಅಷ್ಟೊತ್ತಿಗೆ ಬೇರೆಯವರನ್ನ ಹುಡುಕಿ ಪರೀಕ್ಷೆ ಮಾಡಿಸೋಕೆ ಅರ್ಧ ದಿನ ಹೋಗುತ್ತೆ, ಒಳಗೆ ಮಲಗಿರೋರ ವಸಡಲ್ಲಿ ರಕ್ತ ಒಸರ್ತಾನೇ ಇರುತ್ತೆ. ಆಗಲ್ಲ ಅಂದ್ರೆ ಹಿಂದಿನ ರಾತ್ರಿಯೇ ಆಗಲ್ಲ ಅಂತ ಹೇಳಿ, ನಾವು ಇನ್ನೊಬ್ಬರನ್ನ ನೋಡ್ಕೋತೀವಿ. ಶಿಬಿರ ಮಾಡೋ ಅಣ್ಣಂದಿರೇ, ಮುಂದಿನ ಸಲ ಹತ್ತು ಹುಡುಗರಿಗೆ ಸೂಜಿ ಚುಚ್ಚದೆ ಹಾಗೇ ಬಿಡಿ, ಅವರ ಹೆಸರು, ಗ್ರೂಪು, ಫೋನ್ ನಂಬರ್ ಬರೆದಿಟ್ಟುಕೊಂಡು ಪ್ಲೇಟ್‌ಲೆಟ್‌ಗೆ ಕರೆದಾಗ ಕಳಿಸಿಕೊಡಿ.