ಪುಣೆಯ ಟೇಕಡಿ, ನಮ್ಮ ಬೆಟ್ಟ

ಪುಣೆಯವರ ಬಗ್ಗೆ ನನಗೆ ನೂರು ತಕರಾರಿವೆ. ಟೇಕಡಿ ವಿಷಯ ಬಂದರೆ ಮಾತ್ರ ತೆಪ್ಪಗಾಗುತ್ತೇನೆ. ವೇತಾಳ ಟೇಕಡಿ, ಹನುಮಾನ್ ಟೇಕಡಿ, ಪರ್ವತಿ, ಎಲ್ಲಾ ಊರೊಳಗಿನ ಗುಡ್ಡಗಳೇ. ಬೆಳಕು ಹರಿಯುವ ಮೊದಲೇ ಜನ ಹತ್ತಲು ಶುರು. ಹೆಚ್ಚಿನ ಕಡೆ ದಾರಿ ಅಂದರೆ ತುಳಿದೂ ತುಳಿದೂ ಆದ ಕಾಲುಹಾದಿ, ಅಷ್ಟೇ. ಬೇಸಿಗೆಯಲ್ಲಿ ನೋಡಬೇಕು: ವಯಸ್ಸಾದವರೂ ಕೈಯಲ್ಲೊಂದು ನೀರಿನ ಕ್ಯಾನು ಹಿಡಿದು ಏರುತ್ತಿರುತ್ತಾರೆ. ಮಳೆಗಾಲದಲ್ಲಿ ನೆಟ್ಟ ಸಸಿಗಳಿಗೆ ಆ ನೀರು. ಒಬ್ಬರು ಬಾಟಲಿ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ, ಬುಡದ ಮಣ್ಣಲ್ಲಿ ಬೋರಲು ಹುಗಿದು ಹೋಗುತ್ತಿದ್ದರು. ನೀರು ಹನಿಹನಿಯಾಗಿ ಇಳಿಯುತ್ತದೆ. ವೇತಾಳ ಟೇಕಡಿಯಲ್ಲಿ ರಸ್ತೆ, ಸುರಂಗ ಮಾಡುವ ಯೋಜನೆ ವಿರೋಧಿಸಿ 2023ರಲ್ಲಿ ಜನ ಬೀದಿಗಿಳಿದದ್ದು ನನಗೆ ಆಶ್ಚರ್ಯ ಅನಿಸಲಿಲ್ಲ. ನೀರು ಹೊತ್ತವರು ಸುಮ್ಮನಿರುತ್ತಾರೆಯೇ?

ಹಾಗಂತ ಹುಬ್ಬಳ್ಳಿ-ಧಾರವಾಡಕ್ಕೆ ಏನು ಕಡಿಮೆ? ಸುಮಾರು 200 ಎಕರೆಯ ಉಣಕಲ್ ಕೆರೆ ದೊಡ್ಡ ರಸ್ತೆಯ ಮಗ್ಗುಲಲ್ಲೇ ಇದೆ, ಅವಳಿ ನಗರದ ನಡುವೆ ಓಡಾಡುವ ಚಿಗರಿ ಬಸ್ ಇಳಿದರೆ ಸಾಕು. ಅದರಾಚೆ ನೃಪತುಂಗ ಬೆಟ್ಟ. ಇತ್ತ ತೋಳನಕೆರೆ. ಧಾರವಾಡದ ಮಾತಂತೂ ಬೇರೆಯೇ. ಕೆಲಗೇರಿ ಕೆರೆ, ಬೇಂದ್ರೆಯವರ ಸಾಧನಕೇರಿ, ಕರ್ನಾಟಕ ಕಾಲೇಜಿನ ಮೈದಾನ, ಎರಡು ವಿಶ್ವವಿದ್ಯಾಲಯಗಳ ಆವರಣ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಮರಗಳ ಕೆಳಗೆ ಒಮ್ಮೆ ನಡೆದು ನೋಡಿ, ಪುಣೆಯ ಯಾವ ಗಾರ್ಡನ್ನೂ ನೆನಪಾಗುವುದಿಲ್ಲ.

ನಮ್ಮ ರೋಗವೇ ಬೇರೆ. ಹಸಿರು ಜಾಗಕ್ಕೆ ರೊಕ್ಕ ಬಂತು ಅಂದರೆ ಮೊದಲು ಕಮಾನು, ಆಮೇಲೆ ಪೇವರ್ಸ್, ಬಣ್ಣದ ಲೈಟು. ಹುಬ್ಬಳ್ಳಿಯ ಇಂದಿರಾ ಗಾಜಿನಮನೆ ಉದ್ಯಾನಕ್ಕೆ ಅದೆಲ್ಲ ಒಪ್ಪುತ್ತದೆ. ಅಕ್ಕನ ಮಕ್ಕಳನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಆದರೆ ಕೆರೆಗೂ ಬೆಟ್ಟಕ್ಕೂ ಅದೇ ಮದ್ದು ಅಂದರೆ ಹೇಗೆ? ಉಣಕಲ್ ಕೆರೆಯನ್ನು ಕಾಡುವುದು ಗಟಾರದ ನೀರು, ಅದನ್ನೇ ಉಂಡು ಹಬ್ಬುವ ಅಂತರಗಂಗೆ. ದಂಡೆಗೆ ಎಷ್ಟು ದೀಪ ಹಚ್ಚಿದರೂ ಆ ವಾಸನೆ ಹೋಗುವುದಿಲ್ಲ. ಮೊದಲ ರೂಪಾಯಿ ಆ ಗಟಾರ ತಿರುಗಿಸಲಿಕ್ಕೆ ಹೋಗಲಿ.

ಇನ್ನೊಂದು, ನಾವು ಹಸಿರಿಗೆ ಹೋಗುವುದು ನೆಂಟರ ಮನೆಗೆ ಹೋದ ಹಾಗೆ: ರವಿವಾರ, ಒಳ್ಳೆ ಬಟ್ಟೆ ಹಾಕಿಕೊಂಡು, ತಿನ್ನಲಿಕ್ಕೆ. (ಗಿರ್ಮಿಟ್, ಮಿರ್ಚಿಗೆ ನನ್ನ ವಿರೋಧವಿಲ್ಲ. ಟೇಕಡಿ ಇಳಿದ ಮೇಲೆ ಸಿಗುವ ಪೋಹೆ ಅದರ ಮುಂದೆ ಸಪ್ಪೆ.) ದಿನಾ ಹೋಗುವವರು ಇಲ್ಲವೆಂದಲ್ಲ, ಕಾಲೇಜು ಮೈದಾನದಲ್ಲಿ ಅವರದೇ ಕಾರುಬಾರು. ಆ ಹಕ್ಕಿನ ಭಾವನೆ ಕೆರೆ ದಂಡೆಗೂ ಬರಬೇಕು.

ಇದನ್ನೆಲ್ಲ ಹುಬ್ಬಳ್ಳಿಯ ಗೆಳೆಯನ ಮುಂದೆ ಹೇಳಿದೆ. "ನಿನಗೇನಲೇ, ವರ್ಷಕ್ಕೊಮ್ಮೆ ಬಂದು ಮಣ್ಣಿನ ಹಾದಿ ಇರ್ಲಿ ಅಂತಿ. ಎರಿ ಮಣ್ಣು ಮಳ್ಯಾಗ ಚಪ್ಪಲಿ ಬಿಡ್ತದೇನು? ಮೊಣಕಾಲ ನೋವಿನ ನಮ್ಮವ್ವ ಎಲ್ಲಿ ಕುಂದ್ರಬೇಕು?" ಅಂದ. ಸರಿ, ರಾಡಿಯಾಗುವಲ್ಲಿ ಕಲ್ಲು ಹಾಸಲಿ, ಅಲ್ಲಲ್ಲಿ ನೆರಳಲ್ಲಿ ಬೆಂಚು ಇಡಲಿ. ಬೆಟ್ಟದ ಮೇಲೆ ಮಾತ್ರ ಇನ್ನೊಂದು ಚೀಲ ಸಿಮೆಂಟೂ ಬೇಡ.