ಕೂಲಿಗೆ 450 ರೂಪಾಯಿ, ಬೋರ್ಡಿಗೆ 8,200 ರೂಪಾಯಿ

ಈ ಬೇಸಿಗೆಯಲ್ಲಿ, ಹತ್ತು ದಿನಗಳ ಅಂತರದಲ್ಲಿ, ನಮ್ಮ ಮನೆಯ ಎರಡು ಯಂತ್ರಗಳು ಕೆಟ್ಟವು. ಮೊದಲು ಕೆಟ್ಟದ್ದು 11 ವರ್ಷದ ಫ್ರಿಜ್. ಆಮೇಲೆ, ಏಪ್ರಿಲ್ ಮಳೆಗೆ ಕರೆಂಟ್ ಹೋಗಿ ಬಂದ ಒಂದು ಸಂಜೆ, ಆರು ವರ್ಷದ ವಾಷಿಂಗ್ ಮಷೀನ್ ನಿಂತುಹೋಯಿತು. ರಿಪೇರಿಯ ದರ ನ್ಯಾಯವಾಗಿದೆಯೇ ಎಂಬ ಪ್ರಶ್ನೆಗೆ ಅಲ್ಲಿಯವರೆಗೆ ನನ್ನ ಬಳಿ ಇದ್ದ ಉತ್ತರ ಎಲ್ಲರದೂ ಆಗಿತ್ತು: "ಮೆಕ್ಯಾನಿಕ್‌ಗಳು ಬಾಯಿಗೆ ಬಂದಷ್ಟು ಕೇಳುತ್ತಾರೆ." ಈಗ ಆ ಮಾತನ್ನು ನಾನು ಆಡಲಾರೆ.

ಫ್ರಿಜ್ಜಿನ ದೀಪ ಉರಿಯುತ್ತಿತ್ತು, ಆದರೆ ಒಳಗೆ ತಂಪಿರಲಿಲ್ಲ. ಕೆಲವು ನಿಮಿಷಗಳಿಗೊಮ್ಮೆ ಹಿಂಬದಿಯಿಂದ "ಟಿಕ್" ಎಂಬ ಸದ್ದು ಬಂದು ಮತ್ತೆ ಮೌನವಾಗುತ್ತಿತ್ತು. ಫೋನಿನಲ್ಲಿ ವಿಚಾರಿಸಿದಾಗ ಒಬ್ಬರು, ಫ್ರಿಜ್ಜನ್ನು ನೋಡುವ ಮೊದಲೇ, ತಂಪು ಮಾಡುವ ಗ್ಯಾಸ್ ಹೋಗಿದೆ, 3,000 ರೂಪಾಯಿ ಆಗುತ್ತದೆ ಎಂದರು. ಮರುದಿನ ನಮ್ಮ ಬಡಾವಣೆಯ ಮೆಕ್ಯಾನಿಕ್ ಬಂದರು. ಕಂಪ್ರೆಸರ್ ಮೇಲೆ ಕೈಯಿಟ್ಟು ಬಿಸಿ ನೋಡಿದರು, ಅದರ ಪಕ್ಕದಲ್ಲಿದ್ದ, ಅದನ್ನು ಚಾಲೂ ಮಾಡುವ, ಬೆಂಕಿಪೊಟ್ಟಣದಷ್ಟು ದೊಡ್ಡ ರಿಲೇಯನ್ನು ಕಿತ್ತು ನನ್ನ ಕಿವಿಯ ಬಳಿ ಅಲ್ಲಾಡಿಸಿದರು. ಒಳಗೆ ಏನೋ ಒಡೆದು ಗಲಗಲ ಎನ್ನುತ್ತಿತ್ತು. "ಗ್ಯಾಸ್ ಏನೂ ಹೋಗಿಲ್ಲಮ್ಮಾ, ಇದು ಹೋಗಿದೆ ಅಷ್ಟೇ" ಎಂದು ಹೇಳಿ, ಮೀಟರ್ ಹಿಡಿದು ಕಂಪ್ರೆಸರ್‌ನ ಮೂರು ಪಿನ್‌ಗಳನ್ನು ಪರೀಕ್ಷಿಸಿ, ಒಳಗಿನ ಮೋಟಾರಿನ ಸುರುಳಿ ಸರಿಯಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಹೊಸ ರಿಲೇ ಹಾಗೂ ಕರೆಂಟ್ ಮಿತಿಮೀರಿದರೆ ತಡೆಯುವ ಓವರ್‌ಲೋಡ್ ಪ್ರೊಟೆಕ್ಟರ್ ಹಾಕಿದರು. ಬಿಡಿಭಾಗಕ್ಕೆ 400, ಕೂಲಿಗೆ 450. ನಾನು ಆ 450ಕ್ಕೆ ಚೌಕಾಸಿ ಮಾಡಿದೆ. ಇಪ್ಪತ್ತು ನಿಮಿಷದ ಕೆಲಸಕ್ಕೆ ಇಷ್ಟೇಕೆ ಎಂದು ಕೇಳಿದೆ. ಅವರು 50 ರೂಪಾಯಿ ಬಿಟ್ಟುಕೊಟ್ಟು ಹೋದರು. ಆ 50 ರೂಪಾಯಿಯ ನೆನಪು ನನಗೆ ಇಂದಿಗೂ ಹಿತವಾಗಿಲ್ಲ.

ಏಕೆಂದರೆ ಹತ್ತೇ ದಿನಕ್ಕೆ ವಾಷಿಂಗ್ ಮಷೀನ್ ಕೆಟ್ಟಾಗ ಕಂಪನಿಯ ಸರ್ವಿಸ್ ಸೆಂಟರಿನಿಂದ ಬಂದ ಹುಡುಗ ಯಂತ್ರವನ್ನು ನಡೆಸುವ ಮುಖ್ಯ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟಿದೆ, 8,200 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ, ಕೂಲಿ ಬೇರೆ ಎಂದಾಗ ನಾನು ಒಂದು ಮಾತೂ ಆಡಲಿಲ್ಲ. ಆ ಮೊತ್ತ ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಇತ್ತು, ಆದ್ದರಿಂದ ಪ್ರಶ್ನಿಸಲಾಗದ್ದು ಎಂದು ನನಗೆ ತೋರಿತು. ಮಷೀನನ್ನು ನಾವು ಕೊಂಡಿದ್ದು 27,500 ರೂಪಾಯಿಗೆ. ಮೋಟಾರು, ಡ್ರಮ್ಮು, ಪಂಪು, ಬಾಗಿಲು, ಕವಚ ಎಲ್ಲವೂ ಸೇರಿದ ಯಂತ್ರದ ಬೆಲೆಯಲ್ಲಿ ಒಂದು ಬೋರ್ಡಿಗೇ ಶೇ 30ರಷ್ಟು ಹೇಗಾಗುತ್ತದೆ ಎಂಬ ಲೆಕ್ಕ ಹಾಕಿದ್ದು ಆ ಹುಡುಗ ಹೋದ ಮೇಲೆ.

ಫ್ರಿಜ್ ರಿಪೇರಿ ಮಾಡಿದವರನ್ನೇ ಕರೆದೆ. ಅವರು ಬೋರ್ಡನ್ನು ಬಿಚ್ಚಿ ಕೊಟ್ಟು, ಬೆಂಗಳೂರಿನ ಎಸ್.ಪಿ. ರಸ್ತೆಯ ಒಳಗಲ್ಲಿಯ ಒಂದು ಚಿಕ್ಕ ಅಂಗಡಿಗೆ ಒಯ್ಯಲು ಹೇಳಿದರು. ತೇವ ತಾಗದಂತೆ ಆ ಬೋರ್ಡಿನ ಮೇಲೆ ಕಾರ್ಖಾನೆಯಲ್ಲಿಯೇ ರಾಳದ ದಪ್ಪ ಪದರ ಸುರಿದಿರುತ್ತಾರೆ. ನೀರಿನೊಡನೆ ಬಾಳುವ ಯಂತ್ರಕ್ಕೆ ಅದು ಬೇಕು, ನಾನು ಅದನ್ನು ಆಕ್ಷೇಪಿಸುವುದಿಲ್ಲ. ಆದರೆ ಅದೇ ಪದರ ರಿಪೇರಿಯನ್ನು ಕಷ್ಟಸಾಧ್ಯವಾಗಿಸುತ್ತದೆ. ಅಂಗಡಿಯವರು ಬಿಸಿಗಾಳಿ ಹಾಯಿಸಿ, ಸುಟ್ಟ ಜಾಗದ ರಾಳವನ್ನು ಮಾತ್ರ ಕೆರೆದು ತೆಗೆದು, ವಿದ್ಯುತ್ ಪೂರೈಕೆಯ ಭಾಗದಲ್ಲಿದ್ದ ಒಂದು ಐಸಿ (ಚಿಪ್) ಹಾಗೂ ಎರಡು ಕೆಪಾಸಿಟರ್ ಬದಲಾಯಿಸಿದರು. ಎರಡು ದಿನ ಹಿಡಿಯಿತು, 1,600 ರೂಪಾಯಿ ಆಯಿತು. ಬದಲಾದ ಬಿಡಿಭಾಗಗಳ ಬೆಲೆ 200 ರೂಪಾಯಿಯೂ ಇರಲಿಲ್ಲ ಎಂದು ಅವರೇ ಹೇಳಿದರು. ಉಳಿದದ್ದು ಅವರ ಕಣ್ಣಿಗೆ, ಕೈಗೆ ಸಂದ ಹಣ. ಅದನ್ನು ನಾನು ಸಂತೋಷದಿಂದ ಕೊಟ್ಟೆ. ಮಷೀನ್ ನಾಲ್ಕು ತಿಂಗಳಿಂದ ನಡೆಯುತ್ತಿದೆ.

ಹಾಗಾಗಿ ನನ್ನ ಅಭಿಪ್ರಾಯವಿದು: ರಿಪೇರಿಯ ದುಬಾರಿತನದ ಬಗ್ಗೆ ನಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ತಿರುಗಬೇಕಾದ ಕಡೆಗೆ ತಿರುಗಿಲ್ಲ. ಕೂಲಿ ದುಬಾರಿಯಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಕ್ಕೆ ನಾಲ್ಕೈದು ಮನೆ ಮುಟ್ಟುವುದೇ ಕಷ್ಟವಾಗಿರುವ, ಪೆಟ್ರೋಲ್, ಗ್ಯಾಸ್ ಸಿಲಿಂಡರ್, ವ್ಯಾಕ್ಯೂಮ್ ಪಂಪ್ ಎಲ್ಲವನ್ನೂ ಸ್ವಂತ ಹಣದಿಂದ ಹೊಂದಿಸಿಕೊಳ್ಳುವ ಒಬ್ಬ ಕುಶಲಕರ್ಮಿಗೆ 450 ರೂಪಾಯಿ ಹೆಚ್ಚಲ್ಲ. ದುಬಾರಿಯಾಗಿರುವುದು ಬಿಡಿಭಾಗ, ಅದಕ್ಕಿಂತ ಹೆಚ್ಚಾಗಿ, ಬಿಡಿಯಾಗಿ ಸಿಗಬೇಕಾದದ್ದನ್ನು ಇಡಿಯಾಗಿ ಮಾರುವ ಪದ್ಧತಿ. ಅನೇಕ ಫ್ರಂಟ್ ಲೋಡ್ ಮಷೀನುಗಳಲ್ಲಿ ಹೊರಗಿನ ಟಬ್ಬನ್ನು ಬಿಚ್ಚಲಾಗದಂತೆ ಬೆಸೆದಿರುತ್ತಾರೆ. ಒಳಗಿನ ಬೇರಿಂಗ್ ಸವೆದರೆ, ಕೆಲವೇ ನೂರು ರೂಪಾಯಿಯ ಆ ಬೇರಿಂಗ್‌ಗಾಗಿ ಟಬ್ಬು ಡ್ರಮ್ಮು ಎಲ್ಲವನ್ನೂ ಬದಲಾಯಿಸಬೇಕಾಗುತ್ತದೆ. ಬಿಡಿಭಾಗಗಳನ್ನು ವರ್ಷಗಟ್ಟಲೆ ಗೋದಾಮಿನಲ್ಲಿ ಇರಿಸಿಕೊಳ್ಳುವ ಖರ್ಚು ಕಂಪನಿಗಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಬೆಸೆದ ಟಬ್ಬಿಗೆ ಆ ಸಮರ್ಥನೆ ಸಲ್ಲುವುದಿಲ್ಲ.

ವಾರಂಟಿಯ ಮಾತೂ ಇದೇ ಬಗೆಯದು. "ಕಂಪ್ರೆಸರ್‌ಗೆ 10 ವರ್ಷ" ಎಂಬ ದೊಡ್ಡ ಅಕ್ಷರದ ಸ್ಟಿಕ್ಕರ್ ನೋಡಿ ನಾವು ಫ್ರಿಜ್ಜಿಗೇ ಹತ್ತು ವರ್ಷ ಎಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಮೊದಲ ವರ್ಷದ ನಂತರ ಆ ಭರವಸೆ ಕಂಪ್ರೆಸರ್ ಎಂಬ ಒಂದು ಭಾಗಕ್ಕೆ ಮಾತ್ರ. ಅದನ್ನು ಕೂಡಿಸುವ ಕೂಲಿ, ತುಂಬುವ ಗ್ಯಾಸ್, ಅದನ್ನು ನಡೆಸುವ ಬೋರ್ಡ್ ಇವೆಲ್ಲ ನಮ್ಮ ಖರ್ಚಿಗೇ ಬೀಳುತ್ತವೆ.

ಮೆಕ್ಯಾನಿಕ್‌ಗಳಲ್ಲಿ ಮೋಸಗಾರರೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪ್ರತಿ ಬೇಸಿಗೆಯೂ ಎ.ಸಿ.ಗೆ "ಗ್ಯಾಸ್ ಟಾಪ್ ಅಪ್" ಎಂದು ಹಣ ಪಡೆಯುವುದು ನ್ಯಾಯವಲ್ಲ. ಎ.ಸಿ.ಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ, ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ. ಸೋರಿಕೆ ಹುಡುಕಿ ಮುಚ್ಚಿ, ಕೊಳವೆಯೊಳಗಿನ ಗಾಳಿ ಮತ್ತು ತೇವವನ್ನು ಪಂಪಿನಿಂದ ಹೊರತೆಗೆದು, ನಿಗದಿತ ತೂಕದ ಗ್ಯಾಸ್ ತುಂಬುವವರಿಗೆ ಎರಡು ಪಟ್ಟು ಹಣ ಕೊಟ್ಟರೂ ನಷ್ಟವಿಲ್ಲ. ಬರೀ ತುಂಬಿಸಿ ಹೋಗುವವರಿಗೆ ಕೊಟ್ಟ ಹಣ ಮುಂದಿನ ಬೇಸಿಗೆಗೆ ಗಾಳಿಯಲ್ಲಿರುತ್ತದೆ. ಇಂಥ ಕಡೆ ಬಿಲ್ ಕೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸೇವೆಗೆ ಬಿಲ್ ಅಥವಾ ರಸೀದಿ ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೂ ದೂರು ಹೇಳಬಹುದು.

ರಿಪೇರಿಗೆ ಹಣ ಹಾಕಬಾರದ ಸಂದರ್ಭಗಳೂ ಇವೆ. ಗಡಸು ಬೋರ್‌ವೆಲ್ ನೀರಿನಿಂದ ಗೀಸರಿನ ತೊಟ್ಟಿಯೇ ತೂತಾಗಿದ್ದರೆ ಅದನ್ನು ಗುಜರಿಗೆ ಹಾಕುವುದೇ ಸರಿ. ನೀರು ಕಾಯಿಸುವ ಎಲಿಮೆಂಟ್ ಸುಟ್ಟಿದ್ದರೆ ಮಾತ್ರ ಖಂಡಿತ ಬದಲಾಯಿಸಿಕೊಳ್ಳಿ, ತೆರೆದಾಗ ತೊಟ್ಟಿಯನ್ನು ತುಕ್ಕಿನಿಂದ ಕಾಯುವ ಆನೋಡ್ ರಾಡ್ ಕರಗಿಹೋಗಿದೆಯೇ ಎಂದೂ ನೋಡಿಸಿ. ಹೊಸ ಫ್ರಿಜ್ ಕೊಂಡರೆ ಕರೆಂಟಿನಲ್ಲಿ ಉಳಿತಾಯವಾಗುತ್ತದೆ ಎಂಬ ಅಂಗಡಿಯವರ ವಾದದಲ್ಲಿ ಸತ್ಯಾಂಶವಿದ್ದರೂ, ಗೃಹಜ್ಯೋತಿಯಡಿ ಶೂನ್ಯ ಬಿಲ್ ಬರುತ್ತಿರುವ ಮನೆಗೆ ಆ ಉಳಿತಾಯ ಹಣವಾಗಿ ಕೈಸೇರುವುದಿಲ್ಲ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಜಾಲತಾಣವೊಂದನ್ನು ತೆರೆಯಿತು. ಅದು ಒಳ್ಳೆಯ ಆರಂಭ. ಆದರೆ ನನಗೆ ಬೇಕಾಗಿರುವುದು ಫ್ರಾನ್ಸ್ 2021ರಲ್ಲಿ ಮಾಡಿದಂಥದ್ದು. ಅಲ್ಲಿ ವಾಷಿಂಗ್ ಮಷೀನು, ಟಿವಿ, ಮೊಬೈಲುಗಳ ಮೇಲೆ ರಿಪೇರಿ ಎಷ್ಟು ಸುಲಭವೆಂದು ಹತ್ತಕ್ಕೆ ಅಂಕ ಬರೆಯಲೇಬೇಕೆಂಬ ನಿಯಮ ಬಂತು, ಆ ಅಂಕ ನೀಡುವಾಗ ಬಿಡಿಭಾಗದ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ನಮ್ಮಲ್ಲಿ ಫ್ರಿಜ್ಜಿನ ಮೇಲೆ ವಿದ್ಯುತ್ ಬಳಕೆಯ ನಕ್ಷತ್ರಗಳಿವೆ. ಅವುಗಳ ಪಕ್ಕದಲ್ಲಿಯೇ ಬೋರ್ಡಿನ ಬೆಲೆಯನ್ನು ಮುದ್ರಿಸಲು ಎಷ್ಟು ಜಾಗ ಬೇಕು?

ಕಳೆದ ವಾರ ಅಮ್ಮನ ಮನೆಗೆ ಗೀಸರ್ ಕೊಳ್ಳಲು ಹೋದಾಗ ಎಲಿಮೆಂಟ್ ಮತ್ತು ಥರ್ಮೋಸ್ಟಾಟ್ ಬೆಲೆ ಎಷ್ಟೆಂದು ಕೇಳಿದೆ. ಇದುವರೆಗೆ ಯಾರೂ ಕೇಳಿಲ್ಲ ಮೇಡಂ ಎಂದು ಅಂಗಡಿಯವರು ಬೆರಗಾದರು. ಮೂರು ಕಂಪನಿಗಳಿಗೆ ಫೋನ್ ಮಾಡಿ ವಿಚಾರಿಸಿದರು. ಒಂದು ಕಂಪನಿಯವರು ಮಾತ್ರ ಅಲ್ಲಿಯೇ ಬೆಲೆ ಹೇಳಿದರು. ನಾನು ಅದನ್ನೇ ಕೊಂಡೆ, ಹೇಳಿದ ಬೆಲೆಯನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆಸಿಕೊಂಡು ಬಂದೆ.